ನನ್ನ ಪಿಕಪ್ಪಿಗೆ ಹತ್ತಿದ ಉಷ್ಣ

ಗಾಡಿ ಇಟ್ಟವರಿಗೆ ಗಾಡಿ ಕೆಡೋದು ಹೊಸದಲ್ಲ. ಆದ್ರ ನನ್ನ ಗಾಡಿ ಕೆಟ್ಟಾಗೆಲ್ಲ ಮಂದಿ ನಗೋವಂಥದ್ದು ಏನರ ಒಂದು ಆಗೇ ಆಗ್ತದ. ಸೇಡಂದಿಂದ ಹೊಂಟು ಶಹಾಬಾದದಾಗ ನೆಲಕ್ಕ ಹಾಸೋ ಪರ್ಸಿ ಕಲ್ಲು ಹೇರ್ಕೋ, ವಾಡಿಯಾಗ ಸಿಮೆಂಟ್ ಹೇರ್ಕೋ, ಚಿಂಚೋಳಿ ಕಡಿ ಹೋಗಿ ಇಳಿಸು, ಇದೇ ನನ್ನ ದಂಧೆ. ಗಾಡಿ ಹಳೇ ಪಿಕಪ್ಪು. ಹಳೇದು ಅಂತ ನಾ ಹೇಳಬಹುದು, ಮತ್ತೊಬ್ಬರು ಹೇಳಿದ್ರ ನನಗ ಸಿಟ್ಟು ಬರ್ತದ. ಎಂಥಾ ಸಿಮೆಂಟ್ ಹೊತ್ತು ಬಂದ್ರೂ ಸಂಜಿಮುಂದ ಪೈಪು ಹಿಡದು ಗಾಡಿ ಮಾರಿ ತೊಳದು, ಒರಸಿ, ಊದುಬತ್ತಿ ಬೆಳಗಿದ ಮ್ಯಾಲೇ ನಾ ಊಟಕ್ಕ ಕೂಡಾವ. ನಮ್ಮಾಕಿ ನೋಡಿ ನೋಡಿ, "ಅದಕ್ಕೊಂದು ತಾಳಿ ಕಟ್ಟಿಬಿಡ್ರಿ, ನಾ ತವರಿಗೆ ಹೋಗ್ತೀನಿ" ಅಂತಾಳ.

ಹೋದ ಬ್ಯಾಸಗಿಗೆ ಈ ಗಾಡಿಗೆ ಬಿಸಿಯಾಗೋ ರೋಗ ಹತ್ತಿತು. ಸ್ಟೇರಿಂಗ್ ಮುಂದ ಇಂಜಿನ್ನಿನ ಕಾವು ತೋರಸೋ ಮುಳ್ಳು ಇರ್ತದಲ್ಲ, ಸಣ್ಣದೊಂದು ಏರು ಬಂದ್ರ ಸಾಕು, ಅದು ಸೀದಾ ಕೆಂಪು ಗೆರಿಗೆ ಹೋಗಿ ಕೂಡತಿತ್ತು. ಅದೇ ಹೊತ್ತಿಗೆ ಚಿತ್ತಾಪುರದಾಗಿರೋ ನಮ್ಮ ಅಕ್ಕನ ಮಗನ ಲಗ್ನ ಕೂಡಿ ಬಂತು. ಹೆಣ್ಣು ಸುಲೇಪೇಟದಾಕಿ, ಲಗ್ನನೂ ಅಲ್ಲೇ. ಸೋದರಮಾವ ಅಂದ್ರ ನಾನು. ಮದಿಮಗನ್ನ ಕರ್ಕೊಂಡು ಹೋಗೋ ಮಾನ ನಂದು. "ನನ್ನ ಗಾಡ್ಯಾಗೇ ಒಯ್ತೀನಿ" ಅಂದೆ.

ನಮ್ಮ ಭಾವ, ಅಂದ್ರ ಅಕ್ಕನ ಗಂಡ, ನಕ್ಕರು. "ತಮ್ಮಾ, ನಿನ್ನ ಗಾಡಿ ಹಾಲು ಕಾಸಲಿಕ್ಕೆ ಛಲೋ ಅದ. ನನ್ನ ಮಗ ಕಾರಿನ್ಯಾಗ ಹೋಗ್ತಾನ."

ಪಡಸಾಲಿ ತುಂಬ ಬೀಗರು ಕುಂತಿದ್ರು. ನನಗ ತಡಿಲಿಲ್ಲ. "ದಾರ್ಯಾಗ ಬಿಸಿಯಾಗಿ ಎಲ್ಲೆರ ನಿಂತರ, ಲಗ್ನದ ಮರುದಿನ ಗುಜರಿಗೆ ಹಾಕ್ತೀನಿ" ಅಂತ ಅಂದುಬಿಟ್ಟೆ. ಭಾವ ಅಷ್ಟು ಮಂದಿ ಮುಂದ "ಆಯ್ತು" ಅಂದರು. ಮನಿಗೆ ಬಂದು ಗಾಡಿ ಮಾರಿ ನೋಡಿದ್ರ ನನಗ ಅಳುನೇ ಬಂತು.

ಶಹಾಬಾದದ ಡಾಕ್ಟರ್ ಮಂದಿ

ಲಗ್ನಕ್ಕ ಇನ್ನೂ ದಿನ ಇದ್ದವು. ಒಂದು ಮಧ್ಯಾಹ್ನ ಶಹಾಬಾದದಾಗ ಕಲ್ಲು ಹೇರ್ಕೊಂಡು ಹೊಂಟೆ. ಊರು ದಾಟೂದ್ರಾಗೇ ಬಾನೆಟ್ಟಿನ ಸಂದಿಯಿಂದ ಹೊಗಿ. ಒಂದು ಚಹಾದಂಗಡಿ ಮುಂದ ನಿಲ್ಲಿಸಿದೆ. ನಮ್ಮ ಕಡಿ ಗಾಡಿ ಬಾನೆಟ್ ಎತ್ತಿದ್ರ ಕರೀದೇ ಮಂದಿ ಕೂಡ್ತದ. ಅವರವರಿಗೆ ಏನು ರೋಗ ಅದನೋ, ನನ್ನ ಗಾಡಿಗೂ ಅದೇ ರೋಗ ಅಂತ ಹೇಳಿ ಹೋಗ್ತಾರ.

ಬಿ.ಪಿ. ಗುಳಿಗಿ ತಗೋಳೋ ಮಾಸ್ತರು ಇಣಕಿ ನೋಡಿ, "ಇದು ಪ್ರೆಷರ್ ಅದರೀ. ಏರು ಹತ್ತಿದಾಗ ಏರ್ತದ ಅಂದ್ರ ಮತ್ತೇನು? ನನಗೂ ಮೆಟ್ಟಲ ಹತ್ತಿದ್ರ ಹಿಂಗೇ ಆಗ್ತದ" ಅಂದ್ರು.

ಹೊಟ್ಟಿ ಮ್ಯಾಲ ಕೈ ಆಡಸ್ಕೋತ ನಿಂತಿದ್ದವ, "ಪ್ರೆಷರ್ ಅಲ್ಲ, ಗ್ಯಾಸ್. ಆವಾಜ್ ಕೇಳ್ರಿ, ಒಳಗ ಹೆಂಗ ಗುಡುಗುಡು ಅನ್ನಾಕತ್ತದ" ಅಂದ.

ಮೂರನೇದವ, "ನೀವು ದಿನಾ ಪರ್ಸಿ ಹೇರ್ತೀರಿ, ಅದಕ್ಕ ಸೊಂಟ ಹಿಡದದ. ಮೊದಲ ಭಾರ ಇಳಸ್ರಿ" ಅಂದ. ಹಂಗಂದು ತನ್ನ ಸೊಂಟ ತಾನೇ ಒತ್ಕೊಂಡ.

ನನಗ ಒಳಗೊಳಗೇ ಉರೀತು. ನನ್ನ ಗಾಡಿಗೆ ಇವ್ರೆಲ್ಲ ಕೂಡಿ ಮುಪ್ಪು ತರಾಕತ್ತಾರಲ್ಲ ಅಂತ. ಚಹಾದಂಗಡಿಯವ ಮಾತ್ರ ಒಂದು ಮಾತೂ ಆಡದೇ ಎರಡು ಸಲ ಬಂದು ನೋಡಿ ಹೋದ. ಇವ ಒಬ್ಬ ತಿಳದಾವ ಇದ್ದಂಗ ಕಾಣತಾನ ಅಂದ್ಕೊಂಡು, "ಏನನಸ್ತದ್ರಿ ನಿಮಗ?" ಅಂತ ಕೇಳಿದೆ.

"ನನಗ ಗಾಡಿ ತಿಳಿಯಂಗಿಲ್ಲ ಕಾಕಾ" ಅಂದ. "ನನ್ನ ಸಿಲಿಂಡರ್ ಈಗಷ್ಟೇ ಖಾಲಿ ಆಗ್ಯಾದ, ಇಷ್ಟು ಮಂದಿ ಚಹಾಕ್ಕ ನಿಂತಾರ. ನೀವು ಇನ್ನೂ ಸ್ವಲ್ಪ ಹೊತ್ತು ಇರೋರಿದ್ರ, ಇದರ ಮ್ಯಾಲ ಒಂದು ಬೋಗಾಣಿ ಇಡ್ಲಿ?"

ಆಡಕಿ ದಾರಿಯಾಗ ಮಜ್ಜಿಗಿ

ಮುಂದ ಒಂದಿನ ಆಡಕಿ ಕಡಿ ಹೋಗಿದ್ದೆ. ಬಿಸಿಲು ಕೆಂಡದಂಗ. ಮುಳ್ಳು ಕೆಂಪಿಗೆ ಹೋಗೂದ್ರಾಗ ಒಂದು ಬೇವಿನ ಗಿಡದ ಕೆಳಗ ನಿಲ್ಲಿಸಿದೆ. ಕ್ಯಾನು ನೋಡಿದ್ರ ನೀರು ಖಾಲಿ. ಅಷ್ಟ್ರಾಗ ತಲಿ ಮ್ಯಾಲ ಬುತ್ತಿ ಇಟ್ಕೊಂಡು, ಕೈಯಾಗ ಮಜ್ಜಿಗಿ ತಂಬಗಿ ಹಿಡದು ಒಬ್ಬಾಕಿ ಮುದುಕಿ ಹೊಲಕ್ಕ ಹೊಂಟಿದ್ಲು.

"ಯವ್ವಾ, ಇಲ್ಲಿ ಎಲ್ಲೆರ ನೀರು ಸಿಗ್ತಾವೇನು? ಗಾಡಿ ಬಿಸಿ ಆಗ್ಯಾದ" ಅಂದೆ.

ಆಕಿ ಬುತ್ತಿ ಇಳಿಸಿ, ಬಾನೆಟ್ ಮ್ಯಾಲ ಕೂಸಿನ ಹಣಿ ಮುಟ್ಟಿದಂಗ ಕೈ ಇಟ್ಟು, ಚಟ್ಟನೆ ತಕ್ಕೊಂಡ್ಲು. "ಎಪ್ಪಾ, ಉಷ್ಣ ಭಾಳ ಆಗ್ಯಾದ ಇದಕ್ಕ. ಬರೇ ನೀರಿಗೆ ಇಳಿಯಂಗಿಲ್ಲಿದು. ತಗೋ, ಮಜ್ಜಿಗಿ ಹಾಕು" ಅಂತ ತಂಬಗಿ ಮುಂದ ಹಿಡದ್ಲು.

"ಇಂಜಿನ್ನಿಗೆ ಮಜ್ಜಿಗಿ ಹಾಕಂಗಿಲ್ಲ ಯವ್ವಾ."

"ಯಾಕ? ಉಪ್ಪು, ಜೀರಗಿ ಎಲ್ಲಾ ಹಾಕೀನಿ."

ಏನು ಹೇಳಿದ್ರೂ ಕೇಳವಲ್ಲಳು. ಹಿರಿ ಜೀವ ಅಷ್ಟು ಅಂತಃಕರಣದಿಂದ ಕೊಡಾಕತ್ತದ, ಒಲ್ಲೆ ಅಂದ್ರ ನೊಂದ್ಕೋತದ. ತಂಬಗಿ ಇಸ್ಕೊಂಡು ನಾನೇ ಕುಡದೆ. ಆಕಿ ಗಾಬರಿಯಾದ್ಲು. "ಅಯ್ಯ, ರೋಗ ಅದಕ್ಕ ಆದ್ರ ನೀ ಯಾಕ ಕುಡೀತಿ?" ಅಂದ್ಲು.

ಅಂಥಾ ಮಜ್ಜಿಗಿ ಕುಡದ ಮ್ಯಾಲ ಬೇವಿನ ನೆರಳಾಗ ಕಣ್ಣು ತಾವಾಗೇ ಮುಚ್ಚಿದವು. ಎದ್ದು ನೋಡಿದ್ರ ಮುದುಕಿ ನನ್ನ ಪಕ್ಕದಾಗೇ ಕುಂತಾಳ. ಹೊಲಕ್ಕ ಹೋಗಿಲ್ಲ. ಗಾಡಿ ಏನಾಗ್ತದೋ ನೋಡಬೇಕಂತ. ನಿಂತ ಗಾಡಿ ಅಷ್ಟು ಹೊತ್ತಿಗೆ ತಾನೇ ಆರಿತ್ತು. ಚಾವಿ ತಿರುವಿದೆ, ಒಂದೇ ಏಟಿಗೆ ಚಾಲೂ ಆಯ್ತು, ಮುಳ್ಳೂ ಕೆಳಗ.

ಮುದುಕಿ ಬುತ್ತಿ ತಲಿ ಮ್ಯಾಲ ಇಟ್ಕೊಂಡು ಹೇಳಿದ್ಲು: "ಈಗ ತಿಳೀತು ಬಿಡಪ್ಪ. ಮೊಲಿ ಕುಡಿಯೋ ಕೂಸಿಗೆ ಜಡ್ಡಾದ್ರ ನಾವೂ ಔಷಧ ತಾಯಿಗೇ ಕುಡಸ್ತೀವಿ."

ಲಗ್ನಪತ್ರಿಕಿ ಪರೀಕ್ಷೆ

ನಕ್ಕು ನಕ್ಕು ದಿನ ಹೋಗಾಕತ್ತಿದ್ದವು, ಗಾಡಿ ಮಾತ್ರ ಹಂಗೇ ಇತ್ತು. ಕಂಡ ಕಂಡ ಗ್ಯಾರೇಜಿಗೆಲ್ಲ ತೋರಿಸಿದೆ. ಒಬ್ಬವ ರೇಡಿಯೇಟರಿನ ಮುಚ್ಚಳ ಬದಲಿ ಮಾಡಿದ, ಒಬ್ಬವ ಬೆಲ್ಟ್, ಮತ್ತೊಬ್ಬವ ನೀರಿನ ಪಂಪು. ಮುಳ್ಳು ಯಾರ ಮಾತೂ ಕೇಳಲಿಲ್ಲ. ಕಡಿಗೆ ವಾಡಿಯಾಗ ಒಬ್ಬ ಉಸ್ತಾದ್ ಹಂತೇಲಿ ಹೋದೆ. ಬಾಯಿ ಜೋರು, ಕೈನೂ ಜೋರು.

ಉಸ್ತಾದ್ ನೀರು ನೋಡಿದ, ಫ್ಯಾನ್ ನೋಡಿದ, ಎಲ್ಲಾ ಬರೋಬರಿ. ಇಂಜಿನ್ ಚಾಲೂ ಇಟ್ಟು, "ಒಂದು ಕಾಗದ ಕೊಡ್ರಿ ಕಾಕಾ" ಅಂದ. ನನ್ನ ಹಂತೇಲಿ ಹಂಚಲಿಕ್ಕೆ ಇಟ್ಕೊಂಡ ಲಗ್ನಪತ್ರಿಕಿ ಬಿಟ್ರ ಬ್ಯಾರೆ ಕಾಗದ ಇರಲಿಲ್ಲ. ಅದನ್ನೇ ಕೊಟ್ಟೆ. ಅವ ಅದನ್ನ ಗಾಡಿ ಮುಂದಿನ ಜಾಳಿಗೆ ಹಿಡದ. "ಹಿಂದಿನ ಫ್ಯಾನ್ ರೇಡಿಯೇಟರಿನ ಸಂದಿಯಿಂದ ಗಾಳಿ ಎಳೀತದ. ಗಾಳಿ ಆಡಾಕತ್ತಿದ್ರ ಕಾಗದ ಇಲ್ಲೇ ಹತ್ಕೊಂಡು ನಿಂದ್ರಬೇಕು" ಅಂದು ಕೈ ಬಿಟ್ಟ. ಲಗ್ನಪತ್ರಿಕಿ ಸೀದಾ ಮಣ್ಣಿಗೆ ಬಿತ್ತು. ಮತ್ತೊಮ್ಮೆ ಹಿಡದ, ಮತ್ತ ಬಿತ್ತು. ಅಪಶಕುನ ಆಯ್ತಲ್ಲ ಅಂತ ನಾ ಅದನ್ನ ಎತ್ತಿ ಕಣ್ಣಿಗೆ ಒತ್ಕೊಂಡೆ.

ಉಸ್ತಾದ್ ರೇಡಿಯೇಟರ್ ಬಿಚ್ಚಿ ಹೊರಗ ತಂದು, ಸ್ಕ್ರೂಡ್ರೈವರಿನಿಂದ ಕೆರದ. ಬೂದಿ ಬಣ್ಣದ ಚಕ್ಕಿ ಎದ್ದು ಬಂತು. ಅದನ್ನ ನೋಡಿ, ನನ್ನ ನೋಡಿ, "ಕಾಕಾ, ಗಾಡಿಯಾಗ ಏನು ಹೇರ್ತೀರಿ?" ಅಂತ ಕೇಳಿದ.

"ಸಿಮೆಂಟು."

"ಮತ್ತ ದಿನಾ ತೊಳೀತೀರೇನು?"

"ಒಂದಿನನೂ ಬಿಟ್ಟಿಲ್ಲ" ಅಂದೆ ಎದಿ ಉಬ್ಬಿಸಿ. "ಮೊದಲ ಮಾರಿಗೇ ನೀರು ಹೊಡೀತೀನಿ."

ಉಸ್ತಾದ್ ಕೈ ಮುಗದ. "ಅಲ್ಲಿ ಕುಂತಿದ್ದ ಸಿಮೆಂಟಿನ ಪುಡಿಗೆ ನೀವು ತಪ್ಪದೇ ನೀರು ಹೊಡದೀರಿ. ಎಂಥಾ ಗೌಂಡಿನೂ ಇಷ್ಟು ಛಲೋ ಕ್ಯೂರಿಂಗ್ ಮಾಡಂಗಿಲ್ಲ. ಇದು ಈಗ ರೇಡಿಯೇಟರ್ ಅಲ್ರಿ, ಗ್ವಾಡಿ. ಸುಣ್ಣ ಹಚ್ಚಿ ಒಂದು ಕ್ಯಾಲೆಂಡರ್ ತೂಗ ಹಾಕ್ರಿ."

ಮದಿಮಗನ ಮೆರವಣಿಗಿ

ಉಸ್ತಾದ್ ಅದನ್ನ ಸಿಮೆಂಟ್ ಬಿಡಿಸೋ ಔಷಧದಾಗ ನೆನಿ ಇಟ್ಟು, ಸೂಜಿಲೆ ಒಂದೊಂದೇ ಸಂದಿ ಬಿಡಿಸಿ ಕೊಟ್ಟ. "ಒಂದು ಕಡಿ ಸೂಜಿ ತಾಗಿ ತೂತು ಬಿದ್ದಿತ್ತು, ಬೆಸುಗಿ ಹಾಕೀನಿ. ಲಗ್ನ ಮುಗದ ಮ್ಯಾಲ ಹೊಸಾದು ಹಾಕೋಣ" ಅಂದ. ಆವತ್ತಿನಿಂದ ಮುಳ್ಳು ನಡುವ ನಿಂತಿದ್ದು ಅಲ್ಲಾಡಲಿಲ್ಲ. ಭಾರ ಹೇರಿ ಏರು ಹತ್ತಿಸಿ ನೋಡಿದೆ, ಏನೂ ಆಗಲಿಲ್ಲ. ನನ್ನ ನಡಿಗಿನೇ ಬದಲಿ ಆಯ್ತು.

ಲಗ್ನದ ಹಿಂದಿನ ದಿನ ಊಟ ಮುಗಿಸಿ ಚಿತ್ತಾಪುರದಿಂದ ಹೊಂಟ್ವಿ. ಆವತ್ತು ಸಂಜಿಗೆ ಹೆಣ್ಣಿನ ಮನ್ಯಾಗ ಅರಿಶಿಣ ಹಚ್ಚೋದು, ಮರುದಿನ ಮುಂಜಾನಿ ಮದಿಮಕ್ಕಳನ್ನ ಕೂಡಿಸಿ ಸುರಗಿ ನೀರು ಎರದು ಜಳಕ ಮಾಡಸೋದು, ಆಮ್ಯಾಲ ಅಕ್ಕಿಕಾಳು ಬಿದ್ರ ಲಗ್ನ ಮುಗದಂಗ. ಮುಂದ ನನ್ನ ಪಕ್ಕದಾಗ ಅಳಿಯ, ಬಿಳಿ ಅಂಗಿ, ಬಿಳಿ ಧೋತರ. ಹಿಂದ ಸಾಮಾನು ಹೇರೋ ಡಾಲಾದಾಗ ಜಮಖಾನಿ ಹಾಸ್ಕೊಂಡು ಹೆಣ್ಣುಮಕ್ಕಳು ಹಾಡು ಹೇಳಾಕತ್ತಿದ್ರು. ಭಾವ ಮಾತ್ರ ಕಾರಿನ್ಯಾಗ ಎ.ಸಿ. ಹಚ್ಕೊಂಡು ನನ್ನ ಬೆನ್ನು ಹತ್ತಿ ಬರಾಕತ್ತಿದ್ರು. ನಾ ಎಲ್ಲಿ ನಿಲ್ತೀನಿ ಅಂತ ನೋಡಲಿಕ್ಕೆ.

ಸೇಡಂದಾಗ ನಮ್ಮ ಮನ್ಯಾಗ ಎಲ್ಲರಿಗೂ ಚಹಾ ಇತ್ತು. ಅಲ್ಲಿ ನಿಲ್ಲೋದು ಮೊದಲೇ ಮಾತಾಗಿತ್ತು, ಅದು ಪಂದ್ಯದ ಲೆಕ್ಕಕ್ಕ ಬರಂಗಿಲ್ಲ. ಎಲ್ಲರೂ ಒಳಗ ಹೋದ ಮ್ಯಾಲ ಬಗ್ಗಿ ನೋಡಿದೆ. ಬೆಸುಗಿ ಬಿಟ್ಟಿತ್ತು. ನೀರು ತಟ್ಟತಟ್ಟ ಬೀಳಾಕತ್ತಿದ್ದವು.

ಸಣ್ಣ ತೂತಿಗೆ ರೇಡಿಯೇಟರಿನ್ಯಾಗ ಅರಿಶಿಣ ಪುಡಿ ಹಾಕೋದು ಹಳೇ ಡ್ರೈವರ್ ಮಂದಿ ಉಪಾಯ. ಪುಡಿ ಹೋಗಿ ತೂತಿಗೆ ಕೂಡ್ತದ. ಬಾಗಲದಾಗಿದ್ದ ನಮ್ಮಾಕಿಗೆ ಅರಿಶಿಣ ತಾ ಅಂತ ಕೈಸನ್ನಿ ಮಾಡಿದೆ. ದಿನಾ ಗಾಡಿಗೆ ಬೈಯೋ ಆಕಿ, ಆವತ್ತು ಒಂದು ಮಾತೂ ಕೇಳದೇ ಹೆಣ್ಣಿನ ಮನಿಗೆ ಒಯ್ಯಲಿಕ್ಕೆ ಇಟ್ಟಿದ್ದ ಅರಿಶಿಣದ ಪಾಕೀಟೇ ತಂದು ಕೈಯಾಗ ಇಟ್ಲು. ಇಂಜಿನ್ ಆರಿದ ಮ್ಯಾಲ ಮುಚ್ಚಳ ತಗದು, ನೀರು ತುಂಬಿ, ಪಾಕೀಟು ಹರದೆ. "ಏನಾಯ್ತು ಮಾಮಾ?" ಅಂತ ಅಳಿಯ ಬಂದು ಬಗ್ಗೂದಕ್ಕೂ ಬಿಸಿಗಾಳಿ ಸುಂಯ್ ಅಂತ ಬೀಸೂದಕ್ಕೂ ಸರಿಹೋಯ್ತು. ಅರ್ಧ ಅರಿಶಿಣ ಗಾಡಿಗೆ, ಅರ್ಧ ಮದಿಮಗಗ. ಝಾಡಿಸಿದಷ್ಟೂ ಅಂಗಿಗೆ ಹತ್ತಿತು.

ಸೋರೂದು ನಿಂತಿತು. ಆದ್ರ ಆ ಅರಿಶಿಣ ತೂತಿನ ಕೂಡ ಒಳಗಿನ ದಾರಿನೂ ಸ್ವಲ್ಪ ಮುಚ್ಚಿತ್ತು ಅನಸ್ತದ. ಸೇಡಂ ದಾಟಿ ಸುಲೇಪೇಟದ ದಾರಿ ಹಿಡಿಯೂದ್ರಾಗ ಮುಳ್ಳು ಏರಾಕತ್ತಿತು. ಹಿಂದ ಭಾವನ ಕಾರು. ಒಂದೇ ದಾರಿ ಉಳದಿತ್ತು. ಗಾಡಿಯ ಹೀಟರ್ ಹಚ್ಚಿದ್ರ ಇಂಜಿನ್ನಿನ ಕಾವು ಒಳಗ, ನಾವು ಕುಂತಲ್ಲಿಗೆ ಬರ್ತದ, ಇಂಜಿನ್ ಅಷ್ಟು ತಣ್ಣಗಾಗ್ತದ. ಚಳಿಗಾಲದಾಗೂ ನಮ್ಮ ಸೀಮಿಯಾಗ ಯಾರೂ ಮುಟ್ಟದ ಗುಂಡಿ ಅದು. ವೈಶಾಖದ ಬಿಸಿಲಾಗ ಅದನ್ನ ಪೂರಾ ತಿರುವಿದೆ.

ಅಳಿಯ ಗಾಳಿ ಬರೋ ಕಿಂಡಿಗೆ ಕೈ ಹಿಡದು ನೋಡಿದ. ಆಮ್ಯಾಲ, "ಮಾಮಾ, ಇದರಾಗ ಬಿಸಿಗಾಳಿ ಬರಾಕತ್ತದ" ಅಂದ.

"ಬರಬೇಕಂತೇ ಬಿಟ್ಟೀನಪ್ಪ. ಮುಳ್ಳು ನೋಡು."

ಅವ ಮುಳ್ಳು ನೋಡಿದ. ಕನ್ನಡಿಯಾಗ ಅವರಪ್ಪನ ಕಾರು ನೋಡಿದ. ಎಲ್ಲಾ ತಿಳೀತು ಅವಗ. ಗಲ್ಲದ ಮ್ಯಾಲಿಂದ ಬೆವರು ಧಾರಿಧಾರಿ ಇಳಿಯಾಕತ್ತಿತ್ತು.

"ಸಣ್ಣಾವ ಇದ್ದಾಗ ಸ್ಟೇರಿಂಗ್ ಹಿಡಿಯೋದು ನೀವು ಇದೇ ಗಾಡ್ಯಾಗ ಕಲಿಸೀರಿ" ಅಂದ. "ನಿಲ್ಲಸಬ್ಯಾಡ್ರಿ ಮಾಮಾ. ನಾ ಕುಂದ್ರತೀನಿ."

ಆ ಮಾತಿಗೆ ನನ್ನ ಕಣ್ಣು ತುಂಬಿದವು. ಕಣ್ಣೀರು ಯಾವುದು, ಬೆವರು ಯಾವುದು ಗೊತ್ತಾಗಲಿಲ್ಲ, ಛಲೋ ಆಯ್ತು. ಮಾವ ಅಳಿಯ ಇಬ್ಬರೂ ಬೇಯಾಕತ್ತಿದ್ವಿ, ಮುಳ್ಳು ಕೆಂಪು ಗೆರಿ ಕೆಳಗೇ ನಿಂತಿತ್ತು. ಹಿಂದ ಹೆಣ್ಣುಮಕ್ಕಳ ಹಾಡು ನಡದೇ ಇತ್ತು.

ಸುಲೇಪೇಟ ಮುಟ್ಟಿದ್ವಿ. ಬೀಗರು ಬಾಜಿ ಭಜಂತ್ರಿ ಕೂಡ ಇದಿರಗೊಳ್ಳಲಿಕ್ಕೆ ನಿಂತಿದ್ರು. ಹಂದರದ ಮುಂದ ಗಾಡಿ ನಿಲ್ಲಿಸಿ ನಾನೇ ನನ್ನ ಕೈಯಾರೆ ಚಾವಿ ತಗದೆ. ಭಾವ ಕಾರಿನಿಂದ ಇಳದು, ಇಸ್ತ್ರಿ ಮುರೀದ ಅಂಗಿಯಾಗ ಸೀದಾ ನನ್ನ ಹಂತೇಲಿ ಬಂದ್ರು. ಮುಳ್ಳು ಇಣಕಿ ನೋಡಿದ್ರು.

"ಎಲ್ಲೂ ನಿಲ್ಲಲಿಲ್ಲಲ್ಲೋ ತಮ್ಮಾ" ಅಂದ್ರು. "ಗುಜರಿ ಮಾತು ಇವತ್ತಿಗೆ ಬಿಟ್ಟೆ." ಅಷ್ಟು ಮಂದಿ ಮುಂದ ಬೆನ್ನು ತಟ್ಟಿದ್ರು. ನನಗ ನೆಲದ ಮ್ಯಾಲ ಕಾಲೇ ನಿಲ್ಲವಲ್ಲವು.

ಆವಾಗ ಅಳಿಯ ಇಳದ. ತಲಿಯಿಂದ ಪಾದದ ತನಕ ಹಸಿ. ಬೆವರಿಗೆ ಅರಿಶಿಣ ಕಲತು ಮಾರಿ, ಅಂಗಿ, ಧೋತರ ಎಲ್ಲಾ ಹಳದಿ, ಕೈಬೆರಳಿನಿಂದ ಹನಿ ಹನಿ ತೊಟ್ಟಿಕ್ಕಾಕತ್ತದ. ಬಾಜಿಯವರು ಬಾರಿಸೋದು ಬಿಟ್ಟು ನೋಡಾಕತ್ತಿದ್ರು. ಹೆಣ್ಣಿನ ಅಜ್ಜಿ ಆರತಿ ತಾಟು ಹಿಡದು ಮುಂದ ಬಂದ್ಲು. ಮದಿಮಗನ್ನ ಮ್ಯಾಲಿಂದ ಕೆಳಗ ಒಮ್ಮೆ ನೋಡಿದ್ಲು, ತಿರುಗಿ ತನ್ನ ಮಗಗ ಹೇಳಿದ್ಲು:

"ಯಪ್ಪಾ, ಬೀಗರಿಗೆ ಅವಸರ ಭಾಳ ಅದ. ಅರಿಶಿಣ ಹಚ್ಚಿ, ಸುರಗಿನೂ ಎರಕೊಂಡು ಬಂದಾರ. ಐನೋರನ್ನ ಕರಿ, ಅಕ್ಕಿಕಾಳು ಹಾಕಿ ಕಳಿಸಿಬಿಡೋಣ."