ಹಡಗಿನಿಂದ ಇಳಿದು ರೊಟ್ಟಿ ತಿಂದದ್ದು

ಹೋಟೆಲಿನ ತಿಂಡಿ ಪಟ್ಟಿಯನ್ನು ನಾನು ಬಲಗಡೆಯಿಂದ ಓದುವವಳು. ಎಡಗಡೆ ಏನು ಬರೆದಿದೆ ಎಂಬುದು ಆಮೇಲಿನ ಮಾತು. ಮೊದಲು ಬಲಗಡೆಯ ಅಂಕಿ ಕಣ್ಣಿಗೆ ಹಿತವಾಗಿ ಕಾಣಬೇಕು. ಅಲ್ಲಿಂದ ಎಡಕ್ಕೆ ಬೆರಳು ಎಳೆದುಕೊಂಡು ಹೋದರೆ ಯಾವ ತಿಂಡಿ ಸಿಗುತ್ತದೋ ಅದೇ ನನಗೆ ಇಷ್ಟವಾದ ತಿಂಡಿ. ಹೀಗಾಗಿ ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ಹೊಸದುರ್ಗದ ಬಸ್ ಸ್ಟ್ಯಾಂಡಿನ ಹೋಟೆಲುಗಳಲ್ಲಿ ನಾನು ತಿಂದದ್ದೆಲ್ಲ ಇಡ್ಲಿಯೇ. ನಮ್ಮ ಯಜಮಾನರು ಬಂದವರ ಮುಂದೆಲ್ಲ, “ಇವಳಿಗೆ ಇಡ್ಲಿ ಅಂದ್ರೆ ಪ್ರಾಣ” ಎನ್ನುತ್ತಾರೆ. ನಾನು ಅವರನ್ನು ತಿದ್ದಲು ಹೋಗಿಲ್ಲ. ಸಂಸಾರದಲ್ಲಿ ಕೆಲವು ತಪ್ಪು ತಿಳಿವಳಿಕೆಗಳು ಇದ್ದರೇ ಚೆನ್ನ.

ಇಂಥ ನನ್ನನ್ನು ಹಡಗು ಹತ್ತಿಸಿದವರು ಸಿಮೆಂಟಿನವರು. ನಮ್ಮದು ಸಿಮೆಂಟು, ಕಬ್ಬಿಣದ ಅಂಗಡಿ. ಹೆಚ್ಚು ಮೂಟೆ ಮಾರಿದ ಡೀಲರುಗಳನ್ನು ವರ್ಷಕ್ಕೊಮ್ಮೆ ಎಲ್ಲಿಗಾದರೂ ಕರೆದುಕೊಂಡು ಹೋಗಿ ತಿರುಗಾಡಿಸಿ ತರುವುದು ಕಂಪನಿಯವರ ಪದ್ಧತಿ. ಆ ವರ್ಷ ಮುಂಬೈಯಿಂದ ಗೋವಾಕ್ಕೆ ಹಡಗಿನ ಪ್ರವಾಸ, ಅಂಗಡಿಗೆ ಎರಡು ಟಿಕೆಟ್ಟು. ಯಜಮಾನರಿಗೆ ಮಾರಿಕಣಿವೆ ಅಣೆಕಟ್ಟೆಯ ಮೇಲೆ ನಿಂತು ಕೆಳಗೆ ನೋಡಿದರೇ ತಲೆ ಸುತ್ತುತ್ತದೆ. ಸಮುದ್ರ ಎಂದಕೂಡಲೇ ಅವರಿಗೆ ಅಂಗಡಿಯಲ್ಲಿ ಬಹಳ ಕೆಲಸ ಕಂಡಿತು. “ನೀನೂ ಅವ್ವನೂ ಹೋಗಿ ಬರ್ರಿ. ಹಡಗಿನಾಗೆ ಊಟ ಕಂಪನೀದು. ಕೆಳಗಿಳಿದು ತಿಂದಿದ್ದು ನಮ್ದು. ನೋಡ್ಕಂಡು ತಿನ್ರಿ” ಎಂದರು. ನೋಡಿಕೊಂಡು ತಿನ್ನುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮ ಅತ್ತೆಗೆ ಎಪ್ಪತ್ತು ದಾಟಿದೆ. ಊರು ಬಿಟ್ಟು ಹೊರಡುವುದೆಂದರೆ ಬುತ್ತಿ ಕಟ್ಟುವುದು ಎಂದೇ ಅವರ ಲೆಕ್ಕ. ಚಿತ್ರದುರ್ಗಕ್ಕೆ ಕಣ್ಣಿನ ಡಾಕ್ಟರ ಹತ್ತಿರ ಹೋದರೂ ಎರಡು ರೊಟ್ಟಿ ಸೆರಗಿನಲ್ಲಿ ಇರಲೇಬೇಕು. ಹಡಗಿಗೆ ಹೊರಡುವ ಮೂರು ದಿನ ಮುಂಚೆಯೇ ಅತ್ತೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿದು, ಒಲೆಯ ಪಕ್ಕ ನಿಲ್ಲಿಸಿ ಒಣಗಿಸಿದರು. ಹುಚ್ಚೆಳ್ಳು ಪುಡಿ, ಶೇಂಗಾ ಪುಡಿ, ಒಂದು ಡಬ್ಬಿ ಕೆಂಪು ಚಟ್ನಿ. ಎಲ್ಲವನ್ನೂ ಒಂದು ಹಳೆಯ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ, ತಮ್ಮ ಬ್ಯಾಗಿನ ತಳದಲ್ಲಿಟ್ಟು, ಮೇಲೆ ಸೀರೆ ಮುಚ್ಚಿದರು.

ಈಗ ನಾನು ಮಾಡಿದ ಕೆಲಸ ಹೇಳಬೇಕು. ಹೊರಡುವ ದಿನ ಅತ್ತೆ ಲಿಂಗಪೂಜೆಗೆ ಕುಳಿತಿದ್ದಾಗ ಆ ಗಂಟನ್ನು ತೆಗೆದು ರಾಗಿ ಡ್ರಮ್ಮಿನ ಹಿಂದೆ ಇಟ್ಟುಬಿಟ್ಟೆ. ಗಂಟು ಭಾರವೇನೂ ಇರಲಿಲ್ಲ. ನನ್ನ ಕಣ್ಣ ಮುಂದೆ ಬಂದವಳು ಭೀಮಸಮುದ್ರದ ಶಾರದಕ್ಕ. ಅವರದೂ ಸಿಮೆಂಟಿನ ಅಂಗಡಿಯೇ, ನಮ್ಮ ಎರಡು ಪಟ್ಟು ಮೂಟೆ ಮಾರುತ್ತಾರೆ. ಹಿಂದಿನ ವರ್ಷದ ಪ್ರವಾಸಕ್ಕೆ ಹೋಗಿಬಂದ ಮೇಲೆ ಒಂದು ಮದುವೆಮನೆಯಲ್ಲಿ ಸಿಕ್ಕು, “ನಾವು ಎಲ್ಲಿಗೆ ಹೋದ್ರೂ ಅಲ್ಲೀ ಊಟನೇ ತಿನ್ನೋದು ಗಿರಿಜಾ. ಕೆಲವ್ರು ಇರ್ತಾರೆ, ಫಾರಿನ್ನಿಗೆ ಹೋದ್ರೂ ರೊಟ್ಟಿ ಬಿಚ್ತಾರೆ” ಎಂದು ನಕ್ಕಿದ್ದಳು. ಆ ನಗೆ ನನ್ನ ತಲೆಯಲ್ಲಿ ಕುಳಿತಿತ್ತು. ಹಡಗಿನ ಕೆಂಪು ಜಮಖಾನದ ಮೇಲೆ ಅತ್ತೆ ಪಂಚೆಯ ಗಂಟು ಬಿಚ್ಚಿದಂತೆ, ಶಾರದಕ್ಕ ಕಪ್ಪು ಕನ್ನಡಕ ಏರಿಸಿ ನೋಡಿದಂತೆ ಕಲ್ಪನೆ ಮಾಡಿಕೊಂಡೆ. ಮುಗಿಯಿತು.

ಮುಂಬೈವರೆಗೆ ದಾರಿಗೆಂದು ಬೇರೆ ಕಟ್ಟಿದ್ದ ಚಪಾತಿ ಆಯಿತು. ಹಡಗು ಹತ್ತುವಾಗ ಯಂತ್ರದಲ್ಲಿ ಬ್ಯಾಗು ತೂರಿಸಿ ತಪಾಸಣೆ ಮಾಡುವ ಕಾವಲಿನವನೊಬ್ಬ ಇದ್ದ. ಹೊರಗಿನ ಊಟ ತರುವಂತಿಲ್ಲ ಎಂದು ಬೋರ್ಡೂ ಇತ್ತು. ರೂಮಿಗೆ ಬಂದ ಅತ್ತೆ ಬ್ಯಾಗು ಬಿಚ್ಚಿದರು, ಸೀರೆ ಕೊಡವಿದರು, ಬ್ಯಾಗನ್ನು ತಲೆಕೆಳಗು ಮಾಡಿದರು.

“ಗಿರಿಜಾ, ಗಂಟು ಎಲ್ಲೇ?”

ನಾನು ಕಿಟಕಿಯ ಹೊರಗೆ ಸಮುದ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

“ಆ ಮಿಷನ್ನಿನ ಹತ್ರ ನಿಂತಿದ್ನಲ್ಲ, ಅವ್ನೇ ತಗಂಡಿರ್ಬೇಕು” ಎಂದರು ಅತ್ತೆ.

“ಹೂಂ, ಇರ್ಬೋದು ಅತ್ತೆ” ಎಂದೆ. ನಾನಾಗಿ ಸುಳ್ಳು ಹೇಳಲಿಲ್ಲ. ಅತ್ತೆಯ ತಪ್ಪು ಊಹೆಗೆ ಹೂಂಗುಟ್ಟಿದೆ ಅಷ್ಟೆ. ಈ ವ್ಯತ್ಯಾಸ ಆ ಹೊತ್ತಿಗೆ ಬಹಳ ದೊಡ್ಡದಾಗಿ ಕಂಡಿತ್ತು.

ಹಡಗಿನಲ್ಲಿ ಊಟಕ್ಕೆ ಕೊರತೆ ಇರಲಿಲ್ಲ. ಆದರೆ ಅತ್ತೆ ಮೊದಲ ಸಂಜೆಯೇ ಮೀನಿನ ತಟ್ಟೆಯ ಪಕ್ಕದಲ್ಲಿ ಅನ್ನದ ಪಾತ್ರೆ ನೋಡಿದರು. ಬಡಿಸುವವನೊಬ್ಬ ಅಲ್ಲಿಂದ ಎತ್ತಿದ ಸೌಟನ್ನು ಇಲ್ಲಿಗೆ ಹಾಕಿದ್ದನ್ನೂ ನೋಡಿದರು. ಅಲ್ಲಿಗೆ ಅನ್ನ ಮುಗಿಯಿತು. ಎರಡು ದಿನ ಬಾಳೆಹಣ್ಣು, ಹಾಲು, ಬಿ.ಪಿ. ಮಾತ್ರೆ. ಅದೇ ಊಟದ ಕೋಣೆಯಲ್ಲಿ ಹಿರಿಯೂರಿನ ಡೀಲರು ಜುಂಜಣ್ಣ ಒಂದು ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಇಟ್ಟುಕೊಂಡು ಬರುತ್ತಿದ್ದ. ಕುರಿ ಕಾಯುವ ಮನೆತನದವನು, ಈಗ ಹೆದ್ದಾರಿಯ ಪಕ್ಕ ದೊಡ್ಡ ಗೋಡೌನು ಇಟ್ಟಿದ್ದಾನೆ. “ಏನಕ್ಕಾ, ಅಮ್ಮಾರು ಏನೂ ತಿನ್ನಂಗಿಲ್ವಲ್ಲ, ಕಂಪನಿಗೆ ಲಾಭ ಮಾಡಿಕೊಡ್ತಾರಾ?” ಎಂದು ನನ್ನನ್ನು ಕೇಳುತ್ತಿದ್ದ.

ಅತ್ತೆ ಆ ಕಾವಲಿನವನನ್ನು ಮಾತ್ರ ಬಿಡಲಿಲ್ಲ. ಅವನು ಎದುರಿಗೆ ಸಿಕ್ಕಾಗಲೆಲ್ಲ ನಿಲ್ಲಿಸಿ, “ತಿಂದೇನಪ್ಪಾ ನಮ್ ರೊಟ್ಟೀನಾ? ಚೆನ್ನಾಗಿದ್ವಾ?” ಎಂದು ಕೇಳುವರು. ಅವನಿಗೆ ಕನ್ನಡ ಬಾರದು. ಎದೆಯ ಮೇಲೆ ಕೈಯಿಟ್ಟು ಬಾಗಿ, “ಗುಡ್ ಮಾರ್ನಿಂಗ್ ಮೇಡಂ” ಎನ್ನುವನು. “ನೋಡು, ಒಪ್ಕಂಡ” ಎಂದು ಅತ್ತೆ ನನ್ನ ಕಡೆ ತಿರುಗುವರು. ಆ ನಿರಪರಾಧಿಯ ಮುಖ ನೋಡಲಾಗದೆ ನಾನು ಗೋಡೆಯ ಚಿತ್ರಗಳನ್ನು ನೋಡುತ್ತಿದ್ದೆ. ಹಡಗಿನ ಗೋಡೆಯಲ್ಲಿ ಎಷ್ಟು ಚಿತ್ರಗಳಿದ್ದವೆಂದು ಕೇಳಿದರೆ ಈಗಲೂ ಹೇಳಬಲ್ಲೆ.

ಇನ್ನೊಂದು ವಿಚಿತ್ರ ನಡೆಯಿತು. ರೂಮುಗಳ ಉದ್ದದ ಓಣಿಯಲ್ಲಿ ನಡೆಯುತ್ತಿದ್ದಾಗ ಅತ್ತೆ ತಟ್ಟನೆ ನಿಂತು ಮೂಗು ಎತ್ತಿದರು. “ಈ ಬಾಗ್ಲಾಗೆ ಹುಚ್ಚೆಳ್ಳು ಪುಡಿ ವಾಸ್ನೆ ಬರ್ತೈತೆ ಕಣೇ.” ನಮ್ಮದರಿಂದ ನಾಲ್ಕನೆಯ ಬಾಗಿಲು, ಶಾರದಕ್ಕನ ರೂಮು. ಎರಡು ದಿನ ಅನ್ನವಿಲ್ಲದೆ ಅತ್ತೆಗೆ ಇಲ್ಲದ ವಾಸನೆಯೆಲ್ಲ ಬರತೊಡಗಿದೆ, ನಾಳೆ ಗೋವಾದಲ್ಲಿ ಇಳಿದವಳೇ ಮೊದಲು ಇವರಿಗೆ ಒಂದು ಹಿಡಿ ಅನ್ನ ತಿನ್ನಿಸಬೇಕು ಎಂದು ನಿಶ್ಚಯ ಮಾಡಿದೆ.

ಗೋವಾದಲ್ಲಿ ಬಸ್ಸಿನವನು ನಮ್ಮ ಜಿಲ್ಲೆಯವರನ್ನೆಲ್ಲ ಒಂದು ಕಡಲ ದಂಡೆಯಲ್ಲಿ ಇಳಿಸಿ, ನಾಲ್ಕು ಗಂಟೆಗೆ ಇಲ್ಲೇ ಇರಬೇಕೆಂದು ಹೇಳಿ ಹೋದ. ನಾವಿಬ್ಬರು, ಜುಂಜಣ್ಣ, ಶಾರದಕ್ಕ ಮತ್ತು ಅವಳ ಗಂಡ, ಹೊಳಲ್ಕೆರೆಯ ಮಾತಿಲ್ಲದ ದಂಪತಿ. ಎದುರಿಗೆ ಇದ್ದದ್ದು ಒಂದೇ ಸಾಲು ಹೋಟೆಲು. ಒಂದರ ಒಳಗೆ ಹೋಗಿ ಕುಳಿತೆವು. ಸಸ್ಯಾಹಾರಕ್ಕೆ ಬೇರೆ ಅಡಿಗೆಮನೆ ಇದೆಯೆಂದು ಖಚಿತ ಮಾಡಿಕೊಂಡೆ. ಪಟ್ಟಿ ಬಂತು. ನಾನು ವಾಡಿಕೆಯಂತೆ ಬಲಗಡೆಯಿಂದ ಶುರುಮಾಡಿದೆ. ಕೆಳಗಿನವರೆಗೂ ಇಳಿದೆ, ಎಡಕ್ಕೆ ಬೆರಳು ಎಳೆಯುವಂಥ ಜಾಗವೇ ಸಿಗಲಿಲ್ಲ. ಇದ್ದುದರಲ್ಲಿ ಕಡಿಮೆಯದು ಮೊಸರನ್ನ, ನಾನೂರ ಎಂಬತ್ತು ರೂಪಾಯಿ.

“ಎಷ್ಟಂತೆ?” ಎಂದರು ಅತ್ತೆ. ಹೇಳಿದೆ.

“ಮೊಸರನ್ನಕ್ಕಾ? ಎಮ್ಮೇನೂ ಹಿಡ್ಕಂಡು ಹೋಗಾಕೆ ಬಿಡ್ತಾರಾ?”

ಪಕ್ಕದಲ್ಲಿ ನಿಂತಿದ್ದ ಹುಡುಗನಿಗೆ ನಾನು ನಮ್ಮೂರಿನ ಅಭ್ಯಾಸದಲ್ಲಿ, “ಒಂದು ಮೊಸರನ್ನ, ಬೈ ಟು” ಎಂದು ಹೇಳಿ ನೋಡಿದೆ. ಅವನು ಬರೆದುಕೊಂಡು ತಿರುಗಿ ಓದಿದ: ಎರಡು ಮೊಸರನ್ನ. ಒಂಬೈನೂರ ಅರವತ್ತು ಎಂದು ನನ್ನ ತಲೆ ತಾನಾಗಿ ಕೂಡಿತು. ತಡೆ, ಇನ್ನೂ ಯೋಚನೆ ಮಾಡುತ್ತಿದ್ದೇವೆ ಎಂದು ಕೈಸನ್ನೆ ಮಾಡಿದೆ. ಸುತ್ತ ನೋಡಿದರೆ ಎಲ್ಲರ ಬೆರಳೂ ಪಟ್ಟಿಯ ಬಲಗಡೆಯೇ ಇತ್ತು.

ಮೊದಲು ಎದ್ದವನು ಜುಂಜಣ್ಣ. “ಇಲ್ಲಿ ಗಾಳಿನೇ ಇಲ್ಲ ಬಿಡ್ರಿ. ಹೊರಗೆ ಹೋಗಾಣ.” ಸಮುದ್ರದ ಗಾಳಿಗೆ ಮೇಜಿನ ಬಟ್ಟೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಶಾರದಕ್ಕ, “ನಂಗಂತೂ ಬೆಳಗಿನ ತಿಂಡೀನೇ ಕರಗಿಲ್ಲ” ಎಂದು ಎದ್ದಳು. ಹೊಳಲ್ಕೆರೆಯವರು ಮಾತಾಡದೆ ಎದ್ದರು. ಎಲ್ಲರೂ ಊಟ ಮುಗಿಸಿದವರ ಗಾಂಭೀರ್ಯದಲ್ಲಿ ಹೊರಗೆ ಬಂದೆವು.

ಹೊರಗೆ ಬಾದಾಮಿ ಮರದ ಕೆಳಗೆ ಒಂದು ಮೋಟುಗೋಡೆ. ಅಲ್ಲಿಗೆ ಬರುತ್ತಿದ್ದಂತೆ ಅತ್ತೆ ನನ್ನ ತೋಳು ಹಿಡಿದರು. “ಕಣ್ಣು ಕತ್ಲೆ ಬಂದಂಗಾತು ಕಣವ್ವ” ಎಂದು ಗೋಡೆಯ ಮೇಲೆ ಕುಸಿದು ಕುಳಿತರು. ಮುಖ ಬೆವರಿತ್ತು, ಕೈ ತಣ್ಣಗಿತ್ತು. ಡ್ರಮ್ಮಿನ ಹಿಂದಿನ ಗಂಟು ಕಣ್ಣಿಗೆ ಕಟ್ಟಿತು. ನಾನೂರ ಎಂಬತ್ತಲ್ಲ, ನಾಲ್ಕು ಸಾವಿರವಾದರೂ ಆಗಲಿ ಎಂದು ಪರ್ಸು ಹಿಡಿದು ಹೋಟೆಲಿನ ಕಡೆ ಓಡಹೊರಟೆ.

“ಅಕ್ಕಾ, ನಿಂತ್ಕಳ್ರಿ” ಎಂದ ಜುಂಜಣ್ಣ. ಅತ್ತ ಇತ್ತ ನೋಡಿದ. ಆಮೇಲೆ ತನ್ನ ಕೈಚೀಲದಿಂದ ಒಂದು ಟವೆಲ್ಲು ತೆಗೆದ, ಟವೆಲ್ಲಿನೊಳಗಿಂದ ಒಂದು ಲುಂಗಿ, ಲುಂಗಿಯೊಳಗಿಂದ ಒಂದು ಕಟ್ಟು ರೊಟ್ಟಿ. “ಯಾರೂ ನಗಬ್ಯಾಡ್ರಿ. ಎಲ್ಲಾ ತಿಂತೀನಿ ನಾನು. ಆದ್ರೆ ಹಡಗಿನಾಗೆ ಖಾರ ಅನ್ನೋದೇ ಇಲ್ವಲ್ಲ. ರೂಮಿಗೆ ಹೋಗಿ ಬಾಗ್ಲು ಹಾಕ್ಕಂಡು, ಮೇಲೆ ಎರಡು ರೊಟ್ಟಿ ತಿಂದ್ರೇನೇ ಊಟ ಆದಂಗೆ.” ಅತ್ತೆಯ ಮುಂದೆ ಬಂದು ಸ್ವಲ್ಪ ಹಿಂಜರಿದ. “ನಮ್ಮನೇದು ನೀವು ತಿಂತೀರೋ ಇಲ್ವೋ ಅಮ್ಮ…”

“ಕೊಡಪ್ಪ, ರೊಟ್ಟಿಗೇನು ಮೈಲಿಗೆ” ಎಂದರು ಅತ್ತೆ. ಎರಡು ದಿನ ಸೌಟು ನೋಡಿ ಅನ್ನ ಬಿಟ್ಟವರು ಈಗ ಕೈ ಚಾಚಿ ಮುರಿದು ಬಾಯಿಗಿಟ್ಟರು.

ಹೊಳಲ್ಕೆರೆಯ ಹೆಂಗಸು ಗಂಡನ ಮುಖ ನೋಡಿದಳು. ಗಂಡ ತಲೆಯಾಡಿಸಿದ. ಅವಳ ಬ್ಯಾಗಿನಿಂದ ಒಗ್ಗರಣೆ ಮಂಡಕ್ಕಿ ಹೊರಗೆ ಬಂತು, ಹಿಂದೆಯೇ ಒಂದು ಡಬ್ಬಿ ಉಪ್ಪಿನಕಾಯಿ. ಎಲ್ಲರ ಕಣ್ಣೂ ಈಗ ಶಾರದಕ್ಕನ ಮೇಲೆ. ಅವಳು ಕಪ್ಪು ಕನ್ನಡಕ ತೆಗೆದಳು, ಒರೆಸಿದಳು, ಮತ್ತೆ ಹಾಕಿಕೊಂಡಳು. “ನಮ್ಮವರಿಗೆ ಹೊರಗಿನದು ಆಗೋದಿಲ್ಲ ಅಂತ… ಬರೀ ಔಷಧಿಗೆ” ಎಂದು ಮಾತ್ರೆಗಳ ಚೀಲ ಬಿಚ್ಚಿದಳು. ಔಷಧಿ ಎಂದರೆ ಎಂಟು ಸಜ್ಜೆ ರೊಟ್ಟಿ ಮತ್ತು ಒಂದು ಸೀಸೆ ಹುಚ್ಚೆಳ್ಳು ಪುಡಿ.

“ನಾಕನೇ ಬಾಗ್ಲು! ನಾ ಹೇಳಿರ್ಲಿಲ್ವೇನೇ?” ಎಂದು ಅತ್ತೆ ತೊಡೆ ತಟ್ಟಿಕೊಂಡರು. ಮುಖಕ್ಕೆ ಬಣ್ಣ ಬಂದಿತ್ತು.

ಆ ಮೋಟುಗೋಡೆಯ ಮೇಲೆ ನಾವು ಏಳು ಜನ ಊಟ ಮಾಡಿದೆವು. ಅಂಥ ಊಟವನ್ನು ಅಷ್ಟು ದೊಡ್ಡ ಸಮುದ್ರದ ಮುಂದೆ ಕುಳಿತು ನಾನು ಮತ್ತೆ ಮಾಡಿಲ್ಲ. ಎಲ್ಲರ ಮುಂದೆ ಒಂದೊಂದು ಗಂಟು ಇತ್ತು, ನನ್ನ ಮುಂದೆ ಮಾತ್ರ ಪರ್ಸು. ಅದೂ ಸಾಲದೆ ಅತ್ತೆ ಎಲ್ಲರಿಗೂ ಹೇಳತೊಡಗಿದರು: “ನಾವೂ ತಂದಿದ್ವಿ. ಆ ಕಾವಲಿನೋನು ತಗಂಡ. ಪಾಪ, ನನ್ ಸೊಸೆ ಅವತ್ತಿಂದ ಅದೇ ಕೊರಗಿನಾಗೆ ಐದಾಳೆ.” ಶಾರದಕ್ಕ ಮರುಕದಿಂದ ನನ್ನ ಕೈಗೆ ಇನ್ನೊಂದು ರೊಟ್ಟಿ ಇಟ್ಟಳು. ಅದನ್ನು ನೀರು ಕುಡಿದು ಇಳಿಸಿದೆ.

ಹೊರಡುವಾಗ ಅತ್ತೆ ಎರಡು ರೊಟ್ಟಿ, ಒಂದು ಚಿಟಿಕೆ ಪುಡಿ ಕಾಗದದಲ್ಲಿ ಸುತ್ತಿಕೊಂಡರು. “ಯಾರಿಗೆ ಅತ್ತೆ?” ಎಂದೆ. “ಆ ಹುಡುಗನಿಗೆ ಕಣೇ. ರೊಟ್ಟಿ ಕದೀಬೇಕಾದ್ರೆ ಎಷ್ಟು ಹಸ್ದಿರ್ಬೇಕು. ಕೇಳಿದ್ರೆ ನಾನೇ ಕೊಡ್ತಿದ್ದೆ.” ಅಲ್ಲಿಯೇ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಬಸ್ಸಿನವನು ಹಾರನ್ ಹೊಡೆದ. ಅವನಿಗೆ ನಾನು ಇಂದಿಗೂ ಋಣಿ.

ಹಡಗಿನ ಬಾಗಿಲಲ್ಲಿ ಅದೇ ಕಾವಲಿನವನು. ಅತ್ತೆ ಪೊಟ್ಟಣ ಚಾಚಿದರು. ಅವನು ಬಿಚ್ಚಿ ನೋಡಿದ, ಬೋರ್ಡು ತೋರಿಸಿದ, ಬಹಳ ವಿನಯದಿಂದ ಅದನ್ನು ತೆಗೆದು ತನ್ನ ಹಿಂದಿನ ಬುಟ್ಟಿಗೆ ಹಾಕಿದ. ಅತ್ತೆಯ ಮುಖ ಗೆದ್ದ ವಕೀಲರ ಮುಖದಂತೆ ಅರಳಿತು. “ನೋಡ್ದಾ! ನನ್ ಕಣ್ಣೆದುರಿಗೇ ತಗಂಡ. ಇನ್ನೇನು ಸಾಕ್ಷಿ ಬೇಕು ನಿಂಗೆ?”

ನನಗೆ ಸಾಕ್ಷಿ ಬೇಕಾಗಿರಲಿಲ್ಲ.

ಊರಿಗೆ ಬಂದ ಮಾರನೆಯ ಮಧ್ಯಾಹ್ನ ಅತ್ತೆ ಪಡಸಾಲೆಯಲ್ಲಿ ಅಡ್ಡಾಗಿದ್ದರು. ಗಂಟು ಇದ್ದ ಜಾಗದಲ್ಲೇ ಇತ್ತು. ಒಣ ರೊಟ್ಟಿ ಅಷ್ಟು ಬೇಗ ಕೆಡುವಂಥದ್ದಲ್ಲ. ಎಸೆಯಲು ಮನಸ್ಸು ಬರಲಿಲ್ಲ. ದಿನಕ್ಕೆರಡರಂತೆ ತಿಂದು ಗುರುತು ಉಳಿಯದಂತೆ ಮುಗಿಸಿಬಿಡುವುದೆಂದು ಯೋಚಿಸಿ, ಕೋಣೆಯ ಬಾಗಿಲು ಹಾಕಿಕೊಂಡು, ಡ್ರಮ್ಮಿಗೆ ಒರಗಿ ಕುಳಿತು ಪುಡಿಯ ಡಬ್ಬಿ ಬಿಚ್ಚಿದೆ. ಜುಂಜಣ್ಣ, ಶಾರದಕ್ಕ ಹಡಗಿನಲ್ಲಿ ಹೇಗೆ ಬಾಗಿಲು ಹಾಕಿಕೊಂಡು ತಿಂದಿರಬಹುದೆಂದು ಆಗ ಸರಿಯಾಗಿ ಅರ್ಥವಾಯಿತು. ಮೊದಲ ತುತ್ತು ಬಾಯಿಗೆ ಹೋಗಿರಲಿಲ್ಲ.

“ಗಿರಿಜಾ, ಹುಚ್ಚೆಳ್ಳು ಪುಡಿ ವಾಸ್ನೆ ಬರ್ತೈತಲ್ಲೇ.”

ನಾನು ಡಬ್ಬಿಯ ಮುಚ್ಚಳ ಒತ್ತಿ ಹಾಕಿದೆ. ಆಮೇಲೆ ಅತ್ತೆಯ ದನಿ ನಿಧಾನವಾಗಿ ಬಂತು.

“ಆ ಹುಡುಗ ವಾಪಸ್ ಕಳಿಸಿದ್ನೇನವ್ವಾ? ಒಳ್ಳೇನು ಬಿಡು. ನಂಗೂ ಒಂದು ತುಂಡು ತಗಂಡು ಬಾ.”

ತಟ್ಟೆಯಲ್ಲಿ ಇಟ್ಟುಕೊಂಡು ಹೋದೆ. ಅತ್ತೆ ಮುರಿದು ತಿಂದು ಚೆನ್ನಾಗಿದೆಯೆಂದರು. ಈಗಲೂ ನಮ್ಮ ಮನೆಯಲ್ಲಿ ರೊಟ್ಟಿ ಬಡಿದ ದಿನ, ಅತ್ತೆ ಕೊನೆಯದನ್ನು ಹಂಚಿನಿಂದ ಇಳಿಸುತ್ತ, “ಕಾವಲಿನೋನಿಗೆ ಅಂತ ಒಂದು ಎತ್ತಿಡೇ, ಪಾಪ” ಎನ್ನುತ್ತಾರೆ. ನಾನು ತಲೆ ತಗ್ಗಿಸಿ ಎತ್ತಿಡುತ್ತೇನೆ. ಮಧ್ಯಾಹ್ನ ಅದನ್ನು ತಿನ್ನುವವಳು ಯಾರೆಂದು ಇಬ್ಬರಿಗೂ ಗೊತ್ತು.