ಅಸಲಿ ಸಹಿ

ಆ ದಿನ ವೆರ್ಲನ್ ಕ್ರಾಬ್‌ಟ್ರೀ ಕ್ಷೌರದಂಗಡಿಗೆ ಹೋಗದೆ ಇದ್ದಿದ್ದರೆ ಅವನ ಸಂಸಾರ ಸುಖವಾಗಿಯೇ ಇರುತ್ತಿತ್ತು. ಹೋಗಲಿ, ಹೋದವನು ಬರಿಗೈಯಲ್ಲಾದರೂ ಹೋಗಬೇಕಿತ್ತು. ಹೆಂಡತಿ ಓಪಲ್ ಪ್ರಾಣದಂತೆ ಕಾಪಾಡಿಕೊಂಡು ಬಂದಿದ್ದ ರೆಕಾರ್ಡನ್ನು ಕಂಕುಳಲ್ಲಿ ಅವುಚಿಕೊಂಡು ಹೋದ, ನೋಡಿ!

ರೆಕಾರ್ಡೆಂದರೆ ಅಂತಿಂಥದ್ದಲ್ಲ. ರೂಬನ್ ಟ್ಯಾಗರ್ಟನ ‘ಬೇಲಿಯಾಚೆಯ ಬೆಳದಿಂಗಳು’! ಅಮೆರಿಕದ ಟೆನೆಸಿಯ ಆ ಮೂಲೆಯಲ್ಲಿ ಕಂಟ್ರಿ ಹಾಡೆಂದರೆ, ಅಂದರೆ ಹಳ್ಳಿಗರ ಗಿಟಾರು-ಪಿಟೀಲಿನ ಹಾಡೆಂದರೆ, ಅದೇ. ಮೊದಲನೇ ಹಾಡಿನಲ್ಲಿ ಹೆಂಡತಿ ಬಿಟ್ಟುಹೋಗುತ್ತಾಳೆ, ಎರಡನೆಯದರಲ್ಲಿ ನಾಯಿ ಬಿಟ್ಟುಹೋಗುತ್ತದೆ, ಇಬ್ಬರನ್ನೂ ಹುಡುಕಲು ಹೊರಟವನಿಗೆ ಮೂರನೆಯದರಲ್ಲಿ ರೈಲೂ ತಪ್ಪಿಹೋಗುತ್ತದೆ. ರೆಕಾರ್ಡನ್ನು ಮಗುಚಿ ಹಾಕಿದರೆ ನಾಯಿ ಮಾತ್ರ ವಾಪಸ್ಸು ಬರುತ್ತದೆ. ಆ ಹಾಡು ಬಂದಾಗ ಊರಿನ ಗಂಡಸರೆಲ್ಲ ಅತ್ತ ತಿರುಗಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಓಪಲಳ ರೆಕಾರ್ಡಿನ ನಡುವಿನ ಕೆಂಪು ಕಾಗದದ ಮೇಲೆ ರೂಬನ್ನನ ಸಹಿಯಿತ್ತು, ಬಳ್ಳಿ ಸುತ್ತಿದ ಹಾಗೆ. ಮದುವೆಗೆ ಮುಂಚೆ, ನೂಕುನುಗ್ಗಲಿನಲ್ಲಿ ಅವನ ಬಸ್ಸಿನ ಕಿಟಕಿಯೊಳಗೆ ತೂರಿಸಿ ಹಾಕಿಸಿಕೊಂಡದ್ದು. ಈಗ ಅದೇ ರೂಬನ್ ಮುದುಕನಾಗಿ ಆ ಸಂಜೆ ಊರಿಗೆ ಬರುವವನಿದ್ದ. ಸಹಿಯಿರುವ ರೆಕಾರ್ಡುಗಳಲ್ಲಿ ಯಾರದು ಅಚ್ಚುಕಟ್ಟಾಗಿದೆಯೋ ಅವರು ಅವನ ಪಕ್ಕ ನಿಂತು ಹಾಡಬಹುದು ಎಂದು ಚರ್ಚಿನ ಹೆಂಗಸರು ಸಾರಿದ್ದರು. ಓಪಲಳ ಜೀವಮಾನದ ಆಸೆ ಅದು. ಕೋಳಿಗಳಿಗೆ ಕಾಳು ಹಾಕುವಾಗಲೂ ಹಾಡುತ್ತಿದ್ದಳು.

“ಅದನ್ನ ಮುಟ್ಟಿದ್ರೆ ಕೈ ಮುರೀತೀನಿ, ವೆರ್ಲನ್,” ಎಂದು ಹೇಳಿಯೇ ಬೆಳಿಗ್ಗೆ ಚರ್ಚಿನ ಅಡುಗೆಮನೆಗೆ ಹೋಗಿದ್ದಳು.

ಆದರೆ ಪಕ್ಕದ ಮನೆಯ ಬರ್ಲ್ ಹ್ಯಾಚರ್ ಸುಮ್ಮನಿರಬೇಕಲ್ಲ! “ಏನೋ ವೆರ್ಲನ್, ನಿಮ್ಮನೇಲಿರೋದು ಅಸಲಿ ಸಹಿ ಅಲ್ವಂತೆ? ಓಪಲ್ಲೇ ಗೀಚ್ಕೊಂಡಿದ್ದಂತೆ? ಕ್ಷೌರದಂಗಡೀಲಿ ಎಲ್ಲಾ ಆಡ್ಕೊಂಡು ನಗ್ತಿದ್ರಪ್ಪ.”

ವೆರ್ಲನ್ನನಿಗೆ ಮೈಯೆಲ್ಲ ಉರಿದುಹೋಯಿತು. ರೆಕಾರ್ಡನ್ನು ಒಯ್ದು ಕ್ಷೌರದಂಗಡಿಯಲ್ಲಿ ಒಬ್ಬೊಬ್ಬರ ಮೂಗಿಗೂ ಹಿಡಿದ. ಎಲ್ಲರೂ ಅಸಲಿಯೇ ಎಂದು ಒಪ್ಪಿಕೊಂಡರು. ಗೆದ್ದ ಖುಷಿಯಲ್ಲಿ ಅದನ್ನು ಟ್ರಕ್ಕಿನ ಮುಂಗಾಜಿನಡಿ ಇಟ್ಟು, ಕೊನೆಯದಾಗಿ ಒಂದು ಮಾತು ಹೇಳಿಬರೋಣವೆಂದು ಒಳಗೆ ಹೋದ. ಅಲ್ಲಿ ನಾಯಿಯ ಹಾಡು ದೊಡ್ಡದೋ ರೈಲಿನ ಹಾಡು ದೊಡ್ಡದೋ ಎಂಬ ಜಗಳ ಶುರುವಾಗಿತ್ತು. ನಾಯಿಯ ಕಡೆಯವನಾದ ವೆರ್ಲನ್ ಮೇಜು ಗುದ್ದಿ ವಾದಿಸಿದ. ಹೊರಗೆ ಜುಲೈ ತಿಂಗಳ ಬಿಸಿಲು ತನ್ನ ಕೆಲಸ ಮಾಡಿ ಮುಗಿಸಿತ್ತು. ಬಂದು ನೋಡಿದರೆ ರೆಕಾರ್ಡು ಕರಿದ ಹಪ್ಪಳದ ಹಾಗೆ ಸೊಟ್ಟಗಾಗಿ ಕೂತಿತ್ತು.

“ಅಯ್ಯೋ ದೇವರೇ, ಕೊಂದುಹಾಕ್ತಾಳೆ!” ಎಂದು ಟ್ರಕ್ಕು ಓಡಿಸಿಕೊಂಡು ಮನೆಗೆ ಬಂದ.

“ಹೆದರ್ಬೇಡ್ವೋ, ನಾನಿಲ್ವಾ?” ಬರ್ಲ್ ಬೇಲಿ ದಾಟಿ ಬಂದೇಬಿಟ್ಟ. “ಸ್ವಲ್ಪ ಬಿಸಿ ಮಾಡಿ ಮೇಲೆ ಭಾರ ಹೇರಿದ್ರೆ ನೆಟ್ಟಗಾಗತ್ತೆ. ಒಲೆ ಹಚ್ಚು!”

ಓವನ್ನಿನೊಳಗೆ ಕಬ್ಬಿಣದ ಬಾಣಲೆ, ಬಾಣಲೆಯಲ್ಲಿ ರೆಕಾರ್ಡು, ಅದರ ಮೇಲೆ ಇನ್ನೊಂದು ಬಾಣಲೆ. ಮನೆ ತುಂಬ ಟಾರಿನ ವಾಸನೆ ಎದ್ದಾಗ ಹೊರಗೆ ತೆಗೆದರು. ರೆಕಾರ್ಡು ಸೊಗಸಾದ ಬೋಗುಣಿಯಾಗಿತ್ತು! ತಣ್ಣಗಾಗಲಿ ಎಂದು ಕಿಟಕಿಯ ಮೇಲಿಟ್ಟು ಇಬ್ಬರೂ ತಲೆ ಕೆರೆದುಕೊಳ್ಳುತ್ತಿದ್ದಾಗ ಬರ್ಲ್‌ನ ಹೆಂಡತಿ ನೆಟ್ಟಿ ಪಾತ್ರೆ ಕೇಳಿಕೊಂಡು ಬಂದಳು. ಇವರು ಬೇಡ ಅನ್ನುವಷ್ಟರಲ್ಲಿ ಆಲೂಗಡ್ಡೆ ಸಲಾಡನ್ನು ಅದರೊಳಕ್ಕೇ ಸುರಿದು, “ಎಷ್ಟು ಚೆನ್ನಾಗಿದೆ ಬೋಗುಣಿ! ಓಪಲ್ ಯಾವತ್ತೂ ತೋರಿಸ್ಲೇ ಇಲ್ಲ, ಕಳ್ಳಿ!” ಎಂದು ಎತ್ತಿಕೊಂಡು ಹೋದಳು.

ವೆರ್ಲನ್ ಕುರ್ಚಿಯಲ್ಲಿ ಕುಸಿದ. ಆಗ ಬರ್ಲ್ ಮೆಲ್ಲಗೆ ಬಾಯಿಬಿಟ್ಟ. “ನೆಟ್ಟೀದು ಸಹಿ ಇರೋ ರೆಕಾರ್ಡು, ಅದನ್ನ ಕೊಡಲ್ಲ. ನಂದೊಂದಿದೆ, ಸಹಿ ಇಲ್ಲದ್ದು. ಬೇಕಾದ್ರೆ ತಗೋ. ಆದ್ರೆ ನೀನು ಮೀನು ಹಿಡಿಯೋ ಗುಟ್ಟಿನ ಮಡು ಎಲ್ಲಿದೆ, ಹೇಳು.”

ಅಪ್ಪ ಸಾಯುವಾಗ ಕಿವಿಯಲ್ಲಿ ಹೇಳಿ ಹೋದ ಮಡು! ವೆರ್ಲನ್ ಅತ್ತೇಬಿಟ್ಟ. ಆದರೂ ಹೇಳಿದ.

ಹೊಸ ರೆಕಾರ್ಡು ಹಿಡಿದು ಚರ್ಚಿನ ಹಿಂದೆ ನಿಂತಿದ್ದ ರೂಬನ್ನನ ಬಸ್ಸಿಗೆ ನುಗ್ಗಿದ. ಮುದುಕ ಒಬ್ಬನೇ ಕೂತು ಕೋಳಿಕಾಲು ಕಚ್ಚುತ್ತಿದ್ದ.

“ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ, ಒಂದು ಸಹಿ ಹಾಕಿ! ಇಲ್ದಿದ್ರೆ ನನ್ನ ಹೆಂಡತಿ ನನ್ನನ್ನ ಮನೆಯಿಂದಾಚೆ ಹಾಕ್ತಾಳೆ!”

“ಅದಕ್ಕೇನಂತೆ ತಮ್ಮಾ, ಕೊಡಿಲ್ಲಿ. ಇಂಥ ಕಷ್ಟದ ಮೇಲೇ ಅಲ್ವಾ ನಾನು ಹೊಟ್ಟೆ ಹೊರೆದಿದ್ದು?” ಎಂದು ರೂಬನ್ ಕೈ ಒರೆಸಿಕೊಂಡು, ನಾಲಿಗೆ ಹೊರಚಾಚಿ, ಬಹಳ ಹೊತ್ತು ಬರೆದ. ವೆರ್ಲನ್ ಅದನ್ನು ನೋಡುವ ಗೋಜಿಗೂ ಹೋಗಲಿಲ್ಲ. ರೆಕಾರ್ಡಿಗೆಂದೇ ಓಪಲ್ ಹೊಲಿದಿಟ್ಟಿದ್ದ ಬಟ್ಟೆಯ ಚೀಲಕ್ಕೆ ತುರುಕಿ ಓಡಿದ. ಅವನಿಗೆ ಹಾರಿ ಕುಣಿಯುವಷ್ಟು ಸಂತೋಷವಾಗಿತ್ತು.

ಸಂಜೆ ಬಯಲು ತುಂಬ ಜನ. ಹೆಂಗಸರೆಲ್ಲ ರೆಕಾರ್ಡು ಎದೆಗೊತ್ತಿಕೊಂಡು ಸಾಲಾಗಿ ನಿಂತಿದ್ದರು. ಓಪಲ್ ಚೀಲದಿಂದ ತನ್ನದನ್ನು ತೆಗೆದಳು. ಅವಳ ಮುಖ ಬಿಳಿಚಿತು, ಆಮೇಲೆ ಕೆಂಪಾಯಿತು.

“ಏನೋ ಇದು? ಕೋಳಿ ಕೆದರಿದ ಹಾಗಿದೆಯಲ್ಲೋ! ಯಾರು ಬರೆದಿದ್ದು ಇದನ್ನ?”

ವೆರ್ಲನ್ ಮೊದಲ ಸಲ ಆ ಸಹಿಯನ್ನು ನೋಡಿದ. ಅಂಗನವಾಡಿಯ ಮಗು ಬರೆದಂತೆ ಒಂದೊಂದು ಅಕ್ಷರವೂ ಒಂದೊಂದು ದಿಕ್ಕಿಗೆ ಬಿದ್ದಿತ್ತು. ಆದರೂ ಧೈರ್ಯಗೆಡಲಿಲ್ಲ. ನಡೆದದ್ದನ್ನೆಲ್ಲ ಬಡಬಡನೆ ಒಪ್ಪಿಕೊಂಡು, “ಆದ್ರೆ ಸಹಿ ಮಾತ್ರ ಅಸಲಿ ಕಣೇ! ನನ್ನ ಕಣ್ಮುಂದೇನೇ ಹಾಕಿದ್ರು. ಬೇಕಾದ್ರೆ ಅವ್ರನ್ನೇ ಕೇಳು!” ಎಂದ.

ಓಪಲ್ ದಡದಡನೆ ವೇದಿಕೆ ಹತ್ತಿಯೇಬಿಟ್ಟಳು. “ಇದು ನಿಮ್ಮ ಸಹೀನಾ, ಸಾರ್?” ಎಂದು ಮೈಕಿನಲ್ಲೇ ಕೇಳಿದಳು.

ರೂಬನ್ ಆ ರೆಕಾರ್ಡು ನೋಡಿದ. ಕೆಳಗೆ ಬಳ್ಳಿಯಂಥ ಸಹಿಗಳನ್ನು ಎತ್ತಿ ಹಿಡಿದಿದ್ದ ಅಷ್ಟೂ ಹೆಂಗಸರನ್ನು ನೋಡಿದ.

“ಇಲ್ಲ ತಾಯೀ,” ಎಂದ. “ಇದು ನಂದಲ್ಲ.”

ಜನ ಹೋ ಎಂದರು. ಪಕ್ಕ ನಿಂತು ಹಾಡುವ ಭಾಗ್ಯ ನೆಟ್ಟಿಯ ಪಾಲಾಯಿತು. ಅವಳು ಶ್ರುತಿ ಬಿಟ್ಟು ಕಿರುಚುತ್ತಿದ್ದಾಗ ರೂಬನ್ ಸದ್ದಿಲ್ಲದೆ ಇಳಿದು ಬಂದು ವೆರ್ಲನ್ನನನ್ನು ವೇದಿಕೆಯ ಪರದೆಯ ಹಿಂದಕ್ಕೆ ಎಳೆದುಕೊಂಡ.

“ತಪ್ಪು ತಿಳ್ಕೋಬೇಡ ತಮ್ಮಾ. ಆ ಕಾಲದಲ್ಲಿ ನಂಗೆ ಅಕ್ಷರಾನೇ ಬರ್ತಿರ್ಲಿಲ್ಲ. ಬಸ್ಸಿನೊಳಗೆ ಕೂತು ಸಹಿ ಹಾಕ್ತಿದ್ದೋನು ನಮ್ಮ ಪಿಟೀಲಿನವನು. ಮೊನ್ನೆ ಮೊನ್ನೆ ಮೊಮ್ಮಗಳು ಕಲಿಸಿಕೊಟ್ಲು. ಇಡೀ ದೇಶದಲ್ಲಿ ಆ ರೆಕಾರ್ಡಿನ ಮೇಲೆ ನಾನೇ ಹಾಕಿದ ಸಹಿ ಅಂದ್ರೆ ನಿಂದೊಂದೇ. ಜೋಪಾನ ಕಣಪ್ಪಾ!” ಎಂದು ಹೇಳಿ ಮತ್ತೆ ವೇದಿಕೆ ಹತ್ತಿ ನೆಟ್ಟಿಯ ಜೊತೆ ದನಿಗೂಡಿಸಿದ.

ವೆರ್ಲನ್ನನಿಗೆ ಜೀವ ಬಂತು. ಉಸಿರು ಬಿಗಿಹಿಡಿದು ಓಡಿದ. “ಓಪಲ್! ಓಪಲ್! ನಮ್ದೇ ಅಸಲಿ! ಇವರೆಲ್ಲರ ಹತ್ರ ಇರೋದು ಪಿಟೀಲಿನವನ ಸಹಿ! ರೂಬನ್‌ಗೆ ಬರೆಯೋಕೇ ಬರ್ತಿರ್ಲಿಲ್ವಂತೆ!”

ಓಪಲ್ ಸೊಂಟದ ಮೇಲೆ ಕೈಯಿಟ್ಟುಕೊಂಡು ತಿರುಗಿದಳು.

“ನನ್ನ ರೆಕಾರ್ಡು ಸುಟ್ಟೆ, ಸುಳ್ಳು ಸಹಿ ತಂದೆ, ಊರ ಮುಂದೆ ಮಾನ ಕಳೆದೆ. ಅಷ್ಟು ಸಾಲ್ದೂ ಅಂತ ಈಗ ಆ ದೇವರಂಥ ಮನುಷ್ಯನಿಗೆ ಅಕ್ಷರ ಬರಲ್ಲ ಅಂತೀಯಲ್ಲೋ, ಪಾಪಿ!”

ರೆಕಾರ್ಡು ಎದೆಗೊತ್ತಿಕೊಂಡಿದ್ದ ಹೆಂಗಸರೆಲ್ಲ ಒಂದೊಂದು ಹೆಜ್ಜೆ ಮುಂದೆ ಬಂದರು. ವೇದಿಕೆಯ ಮೇಲಿಂದ ಅದನ್ನು ಕಂಡ ರೂಬನ್ ಕಣ್ಣು ಮುಚ್ಚಿಕೊಂಡು ಇನ್ನೂ ಗಟ್ಟಿಯಾಗಿ ಹಾಡತೊಡಗಿದ.