ಜೇನಿನಂತೆ ನಡೆದ ನಮ್ಮೂರ ಹಾಲಿನ ಡೇರಿ

ಹಾಲಿನ ಡೇರಿಯ ಕಾರ್ಯದರ್ಶಿಯಾದ ನನಗೆ ನಗೆಪಾಟಲಿನ ಪ್ರಸಂಗಗಳಿಗೇನೂ ಕಡಿಮೆಯಿಲ್ಲ. ಬೆಳಿಗ್ಗೆ ಒಂದು, ಸಂಜೆ ಒಂದು, ಹಾಲಿನ ಜೊತೆಗೇ ಬರುತ್ತವೆ. ಆದರೆ ನಮ್ಮ ಚೇರ್ಮನ್ನರು ಚಿಕ್ಕೋಡಿಯಲ್ಲಿ ಎರಡು ದಿನ ಜೇನು ಸಾಕಣೆಯ ತರಬೇತಿ ಮುಗಿಸಿ, ಒಂದು ಜೇನುಪೆಟ್ಟಿಗೆ ಸಮೇತ ಮಂಗಸೂಳಿ ಬದಿಯ ನಮ್ಮೂರಿಗೆ ಮರಳಿದ ತಿಂಗಳು ನನಗೆ ಸಾಕುಸಾಕಾಯಿತು. ತಿಂಗಳ ಕೊನೆಗೆ ಹೊಸ ಚೇರ್ಮನ್ನರ ಆಯ್ಕೆ. ಖುರ್ಚಿ ಮತ್ತೆ ತಮಗೇ ಸಿಗಬೇಕೆಂದು ಅವರ ಜೀವ ಒದ್ದಾಡುತ್ತಿತ್ತು. ಅದೇ ಖುರ್ಚಿಯ ಮೇಲೆ ಇನ್ನೊಬ್ಬ ನಿರ್ದೇಶಕರ ಕಣ್ಣೂ ಇತ್ತು.

"ಇನ್ನ ಮ್ಯಾಲೆ ಡೇರಿ ಜೇನಿನಂಗ ನಡೀಬೇಕ್ರಿ," ಎಂದು ನನಗೆ ಅಪ್ಪಣೆಯಾಯಿತು.

ಕುಣಿತ

ಹೂವು ಎಲ್ಲಿದೆಯೆಂದು ಜೇನುಹುಳ ಕುಣಿದು ತೋರಿಸುತ್ತದಂತೆ. ಹಾಗಾಗಿ ಹಾಲಿನ ಫ್ಯಾಟ್ ನೋಡುವವನೂ ಬಾಯಿ ಬಿಡದೆ ಕುಣಿದೇ ತಿಳಿಸಬೇಕು. ಫ್ಯಾಟ್ ಹೆಚ್ಚಿದ್ದರೆ ಕುಣಿತವೂ ಹೆಚ್ಚು. ಪಾಪ, ಮೊಣಕಾಲು ನೋವಿನ ಮನುಷ್ಯ. ಮೊದಲ ದಿನವೇ ಒಬ್ಬ ಅಜ್ಜಿ ಕ್ಯಾನು ಕುಕ್ಕಿ ಜಗಳಕ್ಕೆ ನಿಂತಳು.

"ಅವನ ಆಕಳ ಹಾಲಿಗೆ ಅಂಗಳ ತುಂಬ ಕುಣದಿ, ನನ್ನ ಎಮ್ಮಿ ಹಾಲಿಗೆ ಬರೇ ಸೊಂಟ ಅಳ್ಳಾಡಿಸ್ತೀ? ಇನ್ನೊಮ್ಮಿ ಕುಣಿಯಲೇ, ನನ್ನ ಮುಂದ ಕುಣಿ!"

ಗಂಡುಹುಳ

ಕಸ ಗುಡಿಸುವ ಮಾವಶಿ ಕೇಳಿದಳು, "ಗಂಡಹುಳ ಏನ ಮಾಡ್ತಾವ್ರಿ?"

"ಏನೂ ಇಲ್ಲ, ಕುಂತ ತಿಂತಾವ. ಜೇನು ಕಡಿಮಿ ಆತಂದ್ರ ಹೆಣ್ಣಹುಳ ಎಳದು ಹೊರಗ ಹಾಕ್ತಾವ," ಎಂದರು ಚೇರ್ಮನ್ನರು.

ಮರುದಿನ ನಾನು ಬರುವಷ್ಟರಲ್ಲಿ ಡೇರಿಗೆ ಬರೀ ಚಹಾ ಕುಡಿಯಲು ಬರುವ ಐದೂ ಜನ ನಿರ್ದೇಶಕರು ಖುರ್ಚಿ ಸಮೇತ ರಸ್ತೆಯಲ್ಲಿ ಕೂತಿದ್ದರು. ಮಾವಶಿ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಚಹಾಪುಡಿ ತೀರಾಕ ಬಂದೈತ್ರಿ, ಸಾಹೇಬ್ರ."

ಖುರ್ಚಿ

ಆಯ್ಕೆಯ ದಿನ ಚೇರ್ಮನ್ನರು ಜೇನುಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಭಾಷಣಕ್ಕೆ ನಿಂತರು. "ರಾಣಿ ಎಲ್ಲಿ ಕೂಡತಾಳ, ದಂಡು ಅಲ್ಲೇ! ಮುಖಂಡ ಅಂದ್ರ ಹಂಗಿರಬೇಕು!" ಎಂದು ಹುರುಪಿನಲ್ಲಿ ಪೆಟ್ಟಿಗೆಯ ಮೇಲೆ ಗುದ್ದಿದರು, ಮುಚ್ಚಳ ಕಳಚಿಬಿತ್ತು. ಅವರ ಮಾತು ನಿಜವಾಯಿತು. ರಾಣಿ ಹಾರಿ ಚೇರ್ಮನ್ನರ ಖುರ್ಚಿಯ ಮೇಲೆ ಕೂತಳು, ಇಡೀ ದಂಡು ಅದಕ್ಕೇ ಮುತ್ತಿಕೊಂಡಿತು. ನಾವೆಲ್ಲ ಕಿಟಕಿ ಬಾಗಿಲೆನ್ನದೆ ಹೊರಗೆ ಬಿದ್ದೆವು.

ಆಯ್ಕೆ ನಡೆಸಲು ಬಂದ ಅಧಿಕಾರಿ ಮಾತ್ರ ನಿಯಮ ಬಿಡುವವರಲ್ಲ. ಮುಖಕ್ಕೆ ಟವೆಲ್ ಸುತ್ತಿಕೊಂಡು ಅಂಗಳದಿಂದಲೇ ಕೂಗಿದರು, "ಆ ಖುರ್ಚಿ ಯಾರಿಗೆ ಬೇಕ್ರಿ? ಕೈ ಎತ್ತರಿ!"

ಚೇರ್ಮನ್ನರು ಎದುರಾಳಿಯ ಮುಖ ನೋಡಿದರು. ವರ್ಷದಿಂದ ಮಾತು ಬಿಟ್ಟಿದ್ದ ಇಬ್ಬರೂ ಕೈಕಟ್ಟಿ ಒಟ್ಟಿಗೇ ಹೇಳಿದರು:

"ಈಗ ಕುಂತವರದು ಅವಿರೋಧ ಆಯ್ಕಿ ಅಂತ ಬರಕೋರಿ, ಸಾಹೇಬ್ರ."